ಕಾರ್ಡೀಲಿಯಾ ಸತ್ತದ್ದು ಯಾವ ತಪ್ಪಿಗೆ?

ಪ್ರಶ್ನೆ: ಸರ್, ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ದುರಂತ ನಾಯಕನಲ್ಲಿ ಒಂದು ದೋಷ ಇರುತ್ತದೆ, ಅದರಿಂದಲೇ ಅವನ ಪತನ ಅಂತ ಪಾಠದಲ್ಲಿ ಹೇಳಿಕೊಟ್ಟರು. ‘ಕಿಂಗ್ ಲಿಯರ್’ನಲ್ಲಿ ಲಿಯರ್‌ನ ದೋಷ ಸಿಟ್ಟು ಮತ್ತು ಹೊಗಳಿಕೆಯ ಆಸೆ. ಇದು ಒಪ್ಪಿತು. ಆದರೆ ಕಾರ್ಡೀಲಿಯಾ ಯಾಕೆ ಸಾಯಬೇಕು? ಗೈಡಿನಲ್ಲಿ ಅವಳ ದೋಷ ‘ಹಟ, ಅಹಂಕಾರ’ ಅಂತ ಬರೆದಿದೆ. ಅಪ್ಪನಿಗೆ ಒಂದು ಮಾತು ಸಿಹಿಯಾಗಿ ಆಡಲಿಲ್ಲ ಅಂತ ನೇಣಾ? ಇನ್ನೊಂದು ಸಣ್ಣ ಅನುಮಾನ. ನನ್ನ ಪುಸ್ತಕದಲ್ಲಿ ನಾಟಕದ ಕೊನೆಯ ಮಾತು ಎಡ್ಗರ್‌ನದು. ಗೆಳತಿಯ ಪುಸ್ತಕದಲ್ಲಿ ಅದೇ ಮಾತು ಆಲ್ಬನಿಯದು. ಯಾವುದು ಸರಿ?

ಉತ್ತರ: ‘ನೇಣಾ?’ ಅಂತ ಕೇಳಿದಿರಲ್ಲ, ಆ ಧಾಟಿ ನನಗೆ ಇಷ್ಟವಾಯಿತು. ಮೊದಲೇ ಹೇಳಿಬಿಡುತ್ತೇನೆ: ಕಾರ್ಡೀಲಿಯಾ ಯಾವ ತಪ್ಪಿಗೂ ಸಾಯುವುದಿಲ್ಲ. ಗೈಡನ್ನು ಪಕ್ಕಕ್ಕಿಡಿ. ನಾನೂ ಕಾಲೇಜಿನಲ್ಲಿ ಎಷ್ಟೋ ವರ್ಷ ‘ಕಾರ್ಡೀಲಿಯಾಳ ಅಹಂಕಾರ’ ಅಂತ ನೋಟ್ಸ್ ಬರೆಸಿದವನೇ. ಹತ್ತು ಅಂಕದ ಉತ್ತರಕ್ಕೆ ಅದು ಅನುಕೂಲ. ಹುಡುಗರು ಬರೆದರು, ಪಾಸಾದರು. ನಾಟಕ ಮಾತ್ರ ಅವರ ಕೈಗೂ ಸಿಗಲಿಲ್ಲ, ನನ್ನ ಕೈಗೂ ಸಿಗಲಿಲ್ಲ.

ಕಥೆ ಮರೆತಿರುವ ಓದುಗರಿಗೆ ನಾಲ್ಕು ಮಾತು. ಎಂಬತ್ತು ದಾಟಿದ ಲಿಯರ್ ರಾಜ ತನ್ನ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ಕೂರುತ್ತಾನೆ. ನನ್ನ ಮೇಲೆ ಯಾರಿಗೆ ಎಷ್ಟು ಪ್ರೀತಿ ಹೇಳಿ, ಅದರ ಪ್ರಕಾರ ಪಾಲು ಅನ್ನುತ್ತಾನೆ. ದೊಡ್ಡವರಾದ ಗಾನರಿಲ್, ರೀಗನ್ ಬಾಯ್ತುಂಬ ಹೊಗಳಿ ಭೂಮಿ ಗಿಟ್ಟಿಸುತ್ತಾರೆ. ಕಿರಿಯಳು ಕಾರ್ಡೀಲಿಯಾ ‘ಏನೂ ಇಲ್ಲ’ ಅನ್ನುತ್ತಾಳೆ. ಅಪ್ಪ ಅವಳನ್ನು ಬರಿಗೈಲಿ ಹೊರಗಟ್ಟುತ್ತಾನೆ. ವರದಕ್ಷಿಣೆ ಇಲ್ಲದಿದ್ದರೂ ಸರಿ ಅಂತ ಫ್ರಾನ್ಸ್ ರಾಜ ಅವಳನ್ನು ಮದುವೆಯಾಗುತ್ತಾನೆ. ಮುಂದೆ ಆ ಇಬ್ಬರು ಅಪ್ಪನನ್ನು ಮನೆಯೊಳಗೆ ಸೇರಿಸುವುದಿಲ್ಲ. ಬಿರುಗಾಳಿಯಲ್ಲಿ ಅಲೆದು ಅವನಿಗೆ ಬುದ್ಧಿ ಕೆಡುತ್ತದೆ. ಕಾರ್ಡೀಲಿಯಾ ಸೈನ್ಯ ತಂದು ಅಪ್ಪನನ್ನು ಕಾಪಾಡಲು ಬರುತ್ತಾಳೆ, ಸೋಲುತ್ತಾಳೆ, ಸೆರೆಯಲ್ಲಿ ಅವಳನ್ನು ನೇಣು ಹಾಕುತ್ತಾರೆ. ಅವಳ ಹೆಣ ಹೊತ್ತು ತಂದ ಲಿಯರ್ ಅಲ್ಲೇ ಸಾಯುತ್ತಾನೆ. ಮುಂದೆ ಬರುವ ಹೆಸರುಗಳು ಇವು: ಆಲ್ಬನಿ ಗಾನರಿಲ್ ಗಂಡ, ಕೆಂಟ್ ಲಿಯರ್‌ನ ಸರದಾರ. ಗ್ಲಾಸ್ಟರ್ ಇನ್ನೊಬ್ಬ ಸರದಾರ, ಎಡ್ಗರ್ ಅವನ ಮಗ, ಎಡ್ಮಂಡ್ ಅವನಿಗೆ ಮದುವೆಯಾಚೆ ಹುಟ್ಟಿದ ಮಗ, ಆ ಅಕ್ಕಂದಿರ ಕಡೆಯವನು.

ಈಗ ಈ ‘ದೋಷ’ದ ವಿಷಯ. ಇದು ಅರಿಸ್ಟಾಟಲ್‌ನ ‘ಹಮಾರ್ಶಿಯ’ ಅನ್ನುವ ಮಾತಿನಿಂದ ಬಂದದ್ದು. ಆ ಗ್ರೀಕ್ ಪದದ ಬೇರಿನಲ್ಲಿರುವುದು ಗುರಿ ತಪ್ಪುವುದು. ಬಾಣ ಬಿಟ್ಟೆ, ತಾಗಲಿಲ್ಲ. ಅಷ್ಟೇ. ಈಡಿಪಸ್ ದಾರಿಯಲ್ಲಿ ಕೊಂದವನು ತನ್ನ ತಂದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅದು ತಿಳಿಯದೆ ಆದ ತಪ್ಪು. ಸ್ವಭಾವದಲ್ಲೇ ಇರುವ ಕಳಂಕ ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು. ಅಂಟಿಕೊಂಡ ಮೇಲೆ ವಿಮರ್ಶೆ ಸುಲಭವಾಯಿತು. ಮ್ಯಾಕ್‌ಬೆತ್‌ಗೆ ದುರಾಸೆ, ಒಥೆಲೊಗೆ ಸಂಶಯ, ಹ್ಯಾಮ್ಲೆಟ್‌ಗೆ ಮೀನಮೇಷ. ಡಾಕ್ಟರು ಚೀಟಿ ಬರೆದಂತೆ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ.

ಇದೇ ಅರಿಸ್ಟಾಟಲ್ ಇನ್ನೊಂದು ಮಾತೂ ಹೇಳಿದ್ದಾನೆ. ಪೂರ್ತಿ ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಬೇಡಿ, ಅದರಿಂದ ಕರುಣೆಯೂ ಹುಟ್ಟುವುದಿಲ್ಲ, ಭಯವೂ ಹುಟ್ಟುವುದಿಲ್ಲ, ಬರೀ ಅಸಹ್ಯವಾಗುತ್ತದೆ ಅಂತ. ಅಂದರೆ ಕಾರ್ಡೀಲಿಯಾಳ ಸಾವು ಅರಿಸ್ಟಾಟಲ್ ಬೇಡ ಅಂದಿದ್ದ ಕೆಲಸ. ಅದನ್ನೇ ಅವನ ಸೂತ್ರದಲ್ಲಿ ತೂರಿಸಲು ಹೋಗಿ ಆ ಹುಡುಗಿಯ ತಲೆಗೆ ಒಂದು ದೋಷ ಕಟ್ಟಿದ್ದಾರೆ. ನಮ್ಮಲ್ಲಿ ಇದು ಇನ್ನೂ ಬೇಗ ಒಪ್ಪಿಗೆಯಾಗುತ್ತದೆ. ‘ಮಾಡಿದ್ದುಣ್ಣೋ ಮಹಾರಾಯ’ ನಮ್ಮ ನಾಲಿಗೆ ಮೇಲೇ ಇದೆ. ಈ ಜನ್ಮದ ಲೆಕ್ಕ ಕೂಡಿಬರದಿದ್ದರೆ ಹಿಂದಿನ ಜನ್ಮದಿಂದ ಕಡ ತರುತ್ತೇವೆ, ಅಲ್ವಾ?

ನಿಮ್ಮ ಹಾಗೆ ಸಿಟ್ಟು ಬಂದವರು ಇಂಗ್ಲೆಂಡಿನಲ್ಲೂ ಇದ್ದರು. ಬರೀ ಇದ್ದರಲ್ಲ, ನಾಟಕವನ್ನೇ ತಿದ್ದಿದರು. ಅದಕ್ಕೂ ಮೊದಲು, ಶೇಕ್ಸ್‌ಪಿಯರ್‌ಗೆ ಈ ಕಥೆ ಹೇಗೆ ಸಿಕ್ಕಿತ್ತು ಅನ್ನುವುದು ಮುಖ್ಯ. ಹನ್ನೆರಡನೆಯ ಶತಮಾನದಲ್ಲಿ ಮಾನ್‌ಮತ್‌ನ ಜೆಫ್ರಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ ಕಿರಿಮಗಳ ಸೈನ್ಯ ಗೆಲ್ಲುತ್ತದೆ. ಮುದುಕ ಮತ್ತೆ ಸಿಂಹಾಸನ ಏರುತ್ತಾನೆ, ನೆಮ್ಮದಿಯಾಗಿ ಸಾಯುತ್ತಾನೆ. ಅವಳು ಎಷ್ಟೋ ಕಾಲದ ನಂತರ, ಅಕ್ಕಂದಿರ ಗಂಡುಮಕ್ಕಳು ದಂಗೆ ಎದ್ದಾಗ, ಸೆರೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ. 1605ರಲ್ಲಿ ಅಚ್ಚಾದ ‘ಕಿಂಗ್ ಲೀರ್’ ಅನ್ನುವ ಹಳೆಯ ನಾಟಕ ಒಂದಿದೆ. ಅದು ಗೆಲುವಿನಲ್ಲೇ ಮುಗಿಯುತ್ತದೆ. ಎಲ್ಲೂ ಅವಳು ಅಪ್ಪನ ಕಣ್ಣೆದುರು ಸಾಯುವುದಿಲ್ಲ.

ಶೇಕ್ಸ್‌ಪಿಯರ್‌ನ ನಾಟಕ 1606ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮಾರನೇ ದಿನ, ವೈಟ್‌ಹಾಲ್ ಅರಮನೆಯಲ್ಲಿ ಜೇಮ್ಸ್ ರಾಜನ ಮುಂದೆ ನಡೆಯಿತು. ಅಲ್ಲಿ ಕೂತವರಲ್ಲಿ ಎಷ್ಟೋ ಜನಕ್ಕೆ ಹಳೆಯ ಕಥೆ ಗೊತ್ತಿದ್ದಿರಬೇಕು. ಹಬ್ಬದ ಊಟ ಮುಗಿಸಿ, ಅಪ್ಪ-ಮಗಳು ಒಂದಾಗುತ್ತಾರೆ ಅಂತ ಕಾದು ಕೂತಿರುವವರ ಮುಂದೆ ಹೆಣ ಬಂತು. ಆಗ ನಿಷ್ಠಾವಂತ ಕೆಂಟ್ ಒಂದು ಸಾಲು ಹೇಳುತ್ತಾನೆ: ‘ಮಾತು ಕೊಟ್ಟಿದ್ದ ಕೊನೆ ಇದೇನಾ?’ ಪ್ರಳಯದ ದಿನವನ್ನು ನೆನೆದು ಆಡಿದ ಮಾತು ಅಂತ ಟಿಪ್ಪಣಿಗಳು ಹೇಳುತ್ತವೆ. ಸರಿಯೇ. ಆದರೆ ಹಳೆಯ ಕಥೆ ಗೊತ್ತಿದ್ದವನ ಕಿವಿಗೆ ಅದು ತನ್ನದೇ ದೂರಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

1681ರಲ್ಲಿ ನಹಮ್ ಟೇಟ್ ಅನ್ನುವ ಕವಿ ಇದನ್ನು ‘ಸರಿ’ ಮಾಡಿದ. ಲಿಯರ್ ಜೊತೆಗಿರುವ ವಿದೂಷಕನನ್ನು ಕಿತ್ತುಹಾಕಿದ. ಫ್ರಾನ್ಸ್ ರಾಜನನ್ನು ಬಿಟ್ಟ. ಎಡ್ಗರ್‌ಗೂ ಕಾರ್ಡೀಲಿಯಾಗೂ ಪ್ರೇಮ ಹೊಸೆದ. ಕೊನೆಯಲ್ಲಿ ಲಿಯರ್ ಬದುಕುತ್ತಾನೆ, ಮಗಳು ರಾಣಿಯಾಗುತ್ತಾಳೆ, ಸತ್ಯಕ್ಕೆ ಜಯ. ನಂಬುತ್ತೀರೋ ಇಲ್ಲವೋ, ಸುಮಾರು ನೂರೈವತ್ತು ವರ್ಷ ಇಂಗ್ಲೆಂಡಿನ ರಂಗದ ಮೇಲೆ ನಡೆದದ್ದು ಇದೇ, ಇಲ್ಲವೇ ಇದರ ಇನ್ನೊಂದು ರೂಪ. 1823ರಲ್ಲಿ ಎಡ್ಮಂಡ್ ಕೀನ್ ಅನ್ನುವ ನಟ ದುಃಖದ ಕೊನೆಯನ್ನು ತಿರುಗಿ ತಂದ. ವಿದೂಷಕ ವಾಪಸ್ ಬರಲು 1838ರ ಮ್ಯಾಕ್ರೆಡಿಯ ಪ್ರಯೋಗದ ತನಕ ಕಾಯಬೇಕಾಯಿತು.

ಟೇಟ್‌ನನ್ನು ನೋಡಿ ನಗುವುದು ಸುಲಭ. ನಾನು ನಗುವುದಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಸಾಮಾನ್ಯ ಓದುಗನಲ್ಲ. ಅವನೂ 1765ರ ತನ್ನ ಶೇಕ್ಸ್‌ಪಿಯರ್ ಆವೃತ್ತಿಯಲ್ಲಿ ಟೇಟ್‌ನ ಪರವಾಗಿಯೇ ನಿಂತ. ಎಷ್ಟೋ ವರ್ಷದ ಹಿಂದೆ ಕಾರ್ಡೀಲಿಯಾಳ ಸಾವು ಓದಿ ಎಷ್ಟು ಆಘಾತವಾಯಿತೆಂದರೆ, ಸಂಪಾದಕನಾಗಿ ತಿದ್ದಲೇಬೇಕಾಗಿ ಬರುವ ತನಕ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಿದೆನೋ ಇಲ್ಲವೋ ಅಂತ ಬರೆದುಕೊಂಡ. ನನಗೆ ಎಷ್ಟೋ ಪ್ರಬಂಧಗಳಿಗಿಂತ ಈ ಒಂದು ಒಪ್ಪಿಗೆ ಜಾಸ್ತಿ ಹೇಳುತ್ತದೆ. ಅವನು ಅವಳಲ್ಲಿ ದೋಷ ಹುಡುಕಲಿಲ್ಲ ನೋಡಿ. ತಡೆಯಲಾಗಲಿಲ್ಲ ಅಂದ, ಅಷ್ಟೇ. ನಮ್ಮಲ್ಲೂ ಇಂಥದ್ದು ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆನಂದರಾಯರು ‘ರೋಮಿಯೋ ಅಂಡ್ ಜೂಲಿಯಟ್’ಅನ್ನು ‘ರಾಮವರ್ಮ ಲೀಲಾವತಿ’ ಅಂತ ಕನ್ನಡಕ್ಕೆ ತಂದಾಗ, ಸತ್ತ ಪ್ರೇಮಿಗಳು ದೇವರ ಕೃಪೆಯಿಂದ ಎದ್ದು ಕೂರುತ್ತಾರೆ. ಮಂಗಳ ಹಾಡದೆ ಜನರನ್ನು ಮನೆಗೆ ಕಳಿಸುವುದು ಹೇಗೆ ಅನ್ನುವ ಸಂಕೋಚ ಲಂಡನ್ನಿನದೂ ಹೌದು, ನಮ್ಮದೂ ಹೌದು.

ಹಾಗಾದರೆ ಶೇಕ್ಸ್‌ಪಿಯರ್ ಗೆಲ್ಲುವ ಕಥೆಯನ್ನು ಬೇಕಂತಲೇ ಯಾಕೆ ಕೆಡಿಸಿದ? ನನ್ನ ಉತ್ತರ ಇದು. ಈ ನಾಟಕ ಶುರುವಾಗುವುದೇ ಲೆಕ್ಕದಿಂದ. ಆ ಲೆಕ್ಕವನ್ನು ಅದು ಒಂದೊಂದೇ ಹೆಜ್ಜೆಯಲ್ಲಿ ಮುರಿಯುತ್ತ ಹೋಗುತ್ತದೆ. ನೀವು ಕೊನೆಯಲ್ಲಿ ನಿಂತು ‘ಯಾವ ತಪ್ಪಿಗೆ ಎಷ್ಟು ಶಿಕ್ಷೆ’ ಅಂತ ಕೇಳುವಾಗ, ಮೊದಲ ದೃಶ್ಯದಲ್ಲಿ ಲಿಯರ್ ಹಿಡಿದಿದ್ದ ತಕ್ಕಡಿಯನ್ನೇ ಹಿಡಿದು ನಿಂತಿರುತ್ತೀರಿ.

ಮೊದಲ ದೃಶ್ಯ ತೆಗೆಯಿರಿ. ಮುಂದೆ ನಕ್ಷೆ ಹಾಸಿದೆ. ಮಾತಿಗೆ ಇಷ್ಟು, ಭೂಮಿ ಇಷ್ಟು. ಗಾನರಿಲ್ ಹೇಳಿದ ಕೂಡಲೇ ಅವಳ ಪಾಲು ಕೊಟ್ಟಾಯಿತು. ರೀಗನ್ ಹೇಳಿದ ಕೂಡಲೇ ಅವಳದ್ದು. ಪರೀಕ್ಷೆಗೆ ಮೊದಲೇ ಅಂಕ ಹಾಕಿಟ್ಟಂತಿದೆ. ಆಮೇಲೆ ಕಾರ್ಡೀಲಿಯಾ. ಅವಳ ಉತ್ತರವನ್ನು ಪ್ರೀತಿ ಮಾತ್ರ ತುಂಬಿದ ಉತ್ತರ ಅಂತ ಓದಬೇಡಿ, ಅದೂ ಲೆಕ್ಕದ ಭಾಷೆಯೇ. ನನ್ನ ಕರ್ತವ್ಯಕ್ಕೆ ತಕ್ಕಷ್ಟು ಪ್ರೀತಿಸುತ್ತೇನೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಮದುವೆಯಾದರೆ ಪ್ರೀತಿಯಲ್ಲಿ ಅರ್ಧ ಗಂಡನಿಗೆ ಹೋಗುತ್ತದೆ. ಅಕ್ಕಂದಿರು ಎಲ್ಲವೂ ನಿನಗೇ ಅನ್ನುವುದಾದರೆ ಗಂಡಂದಿರನ್ನು ಯಾಕೆ ಕಟ್ಟಿಕೊಂಡರು? ಬಿಗುವಾದ ಮಾತು. ಚುಚ್ಚುಮಾತು ಕೂಡ. ನಿಮ್ಮ ಗೈಡಿನವರು ‘ಹಟ’ ಅಂದದ್ದು ಇದನ್ನೇ, ಅದು ಪೂರ್ತಿ ಸುಳ್ಳಲ್ಲ. ಆ ಹುಡುಗಿ ಅಪ್ಪನ ಮಗಳೇ. ಆದರೆ ಹಟ ಇದೆ ಅನ್ನುವುದು ಒಂದು ಮಾತು. ಅದಕ್ಕಾಗಿ ಸತ್ತಳು ಅನ್ನುವುದು ಬೇರೆ ಮಾತು.

ಎರಡನೇ ಅಂಕದ ಕೊನೆಯಲ್ಲಿ ಲೆಕ್ಕ ಕಣ್ಣಿಗೇ ಕಾಣುವಂತಾಗುತ್ತದೆ. ಲಿಯರ್ ರಾಜ್ಯ ಬಿಟ್ಟಾಗ ನೂರು ಜನ ಸವಾರರನ್ನು ಜೊತೆಗೆ ಇಟ್ಟುಕೊಂಡಿದ್ದ. ಗಾನರಿಲ್ ಅದನ್ನು 50 ಮಾಡಿದಳು. ಸಿಟ್ಟಾಗಿ ರೀಗನ್ ಹತ್ತಿರ ಬಂದರೆ ಅವಳು 25 ಸಾಕು ಅನ್ನುತ್ತಾಳೆ. ಆಗ ಮುದುಕ ತಿರುಗಿ ಗಾನರಿಲ್‌ಗೆ ಹೇಳುವುದು ಕೇಳಿ: ನಿನ್ನ ಐವತ್ತು ಇವಳ ಇಪ್ಪತ್ತೈದರ ಎರಡರಷ್ಟು, ಹಾಗಾದರೆ ನಿನ್ನ ಪ್ರೀತಿಯೂ ಇವಳದರ ಎರಡರಷ್ಟು, ನಡಿ ನಿನ್ನ ಜೊತೆಗೇ ಬರುತ್ತೇನೆ. ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಸಂತೆಯಲ್ಲಿ ಬದನೇಕಾಯಿ ಚೌಕಾಸಿ ಮಾಡಿದ ಹಾಗೆ. ಅಷ್ಟರಲ್ಲಿ ಗಾನರಿಲ್ ಇಪ್ಪತ್ತೈದಾದರೂ ಯಾಕೆ, ಹತ್ತು, ಐದು ಯಾಕೆ ಅನ್ನುತ್ತಾಳೆ. ‘ಒಬ್ಬನಾದರೂ ಯಾಕೆ?’ ಅಂತ ರೀಗನ್ ಮುಗಿಸುತ್ತಾಳೆ. ನೂರರಿಂದ ಸೊನ್ನೆಗೆ ಒಂದೇ ಪುಟ. ಆಗ ಲಿಯರ್ ಮೊದಲ ಸಲ ಬೇರೆ ಭಾಷೆಯಲ್ಲಿ ಕೂಗುತ್ತಾನೆ: ಬೇಕೋ ಬೇಡವೋ ಅನ್ನುವ ತರ್ಕ ಹಾಕಬೇಡಿ, ಕಡು ಭಿಕ್ಷುಕನ ಹತ್ತಿರವೂ ಏನೋ ಒಂದು ಚೂರು ಹೆಚ್ಚಿಗೆ ಇರುತ್ತದೆ.

ಈಗ ನಾಲ್ಕನೇ ಅಂಕದ ಕೊನೆಗೆ ಬನ್ನಿ. ಹುಚ್ಚಿನ ನಿದ್ದೆಯಿಂದ ಲಿಯರ್ ಎಚ್ಚರಾಗುತ್ತಾನೆ. ಎದುರಿಗೆ ಮಗಳು. ಮೊದಲು ಅವಳನ್ನು ಸತ್ತವರ ಆತ್ಮ ಅಂದುಕೊಳ್ಳುತ್ತಾನೆ. ಆಮೇಲೆ ಗುರುತು ಹಿಡಿದು ಹೇಳುತ್ತಾನೆ: ನಿನ್ನ ಹತ್ತಿರ ವಿಷ ಇದ್ದರೆ ಕೊಡು, ಕುಡಿಯುತ್ತೇನೆ. ನಿನ್ನ ಅಕ್ಕಂದಿರು ಕಾರಣವಿಲ್ಲದೆ ನನ್ನನ್ನು ನೋಯಿಸಿದರು, ನಿನಗಾದರೆ ಕಾರಣ ಇದೆ. ಅಂದರೆ ಮುದುಕ ಇನ್ನೂ ಲೆಕ್ಕ ಒಪ್ಪಿಸುತ್ತಿದ್ದಾನೆ. ಈ ಸಲ ಸಾಲಗಾರನಾಗಿ. ಕಾರ್ಡೀಲಿಯಾ ಏನನ್ನುತ್ತಾಳೆ? ‘ಕಾರಣ ಇಲ್ಲ, ಕಾರಣ ಇಲ್ಲ.’

ಅಷ್ಟೇ. ಕ್ಷಮಿಸಿದೆ ಅನ್ನುವುದಿಲ್ಲ. ಕ್ಷಮಿಸಬೇಕಾದರೂ ತಪ್ಪು ಎಷ್ಟು ಅಂತ ಮೊದಲು ನೋಡಬೇಕಲ್ಲ. ಅವಳು ಪುಸ್ತಕವನ್ನೇ ಮುಚ್ಚಿಬಿಡುತ್ತಾಳೆ. ಅವಳು ಹೇಳಿದ್ದು ವಾಸ್ತವವಾಗಿ ಸುಳ್ಳು, ಕಾರಣ ಬೇಕಾದಷ್ಟಿತ್ತು. ಮೊದಲ ಅಂಕದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳಲೊಲ್ಲದ ಹುಡುಗಿ ಇಲ್ಲಿ ಲೆಕ್ಕ ಬಿಟ್ಟು ಮಾತಾಡುತ್ತಾಳೆ. ಅವಳು ಬದಲಾಗುವುದೇ ಇಲ್ಲ, ಬರೀ ಗೊಂಬೆ ಅನ್ನುವವರಿಗೆ ನಾನು ಈ ಸಾಲು ತೋರಿಸುತ್ತೇನೆ.

ಇಲ್ಲಿ ಕನ್ನಡ ಓದುಗರಿಗೆ ಒಂದು ಲಾಭವಿದೆ. ಇಂಗ್ಲಿಷಿನಲ್ಲಿ ಮೊದಲ ದೃಶ್ಯದ ‘ನಥಿಂಗ್’, ನಾಲ್ಕನೇ ಅಂಕದ ‘ನೋ ಕಾಸ್’, ಕೊನೆಯ ದೃಶ್ಯದ ‘ನೆವರ್’ ಮೂರೂ ಬೇರೆ ಬೇರೆ ಪದ. ಕನ್ನಡದಲ್ಲಿ ಹೇಳಿಕೊಂಡು ನೋಡಿ. ಏನೂ ಇಲ್ಲ. ಕಾರಣ ಇಲ್ಲ. ಇನ್ನಿಲ್ಲ. ಒಂದೇ ‘ಇಲ್ಲ’ ನಾಟಕದ ಉದ್ದಕ್ಕೂ ಉರುಳಿಕೊಂಡು ಬರುತ್ತದೆ. ಮೊದಲು ಬಾಗಿಲು ಹಾಕಿಕೊಳ್ಳುವ ಇಲ್ಲ, ಆಮೇಲೆ ಬಾಗಿಲು ತೆರೆಯುವ ಇಲ್ಲ, ಕೊನೆಗೆ ನಾವು ಪೇಪರಿನಲ್ಲಿ ಫೋಟೊದ ಮೇಲೆ ಹಾಕುವ ಇಲ್ಲ. ಮಾಸ್ತಿಯವರು ಈ ನಾಟಕವನ್ನು ‘ಲಿಯರ್ ಮಹಾರಾಜ’ ಅಂತ ಕನ್ನಡಕ್ಕೆ ತಂದಿದ್ದಾರೆ. ಸಿಕ್ಕರೆ ಮೂಲದ ಪಕ್ಕ ಇಟ್ಟುಕೊಂಡು ಓದಿ, ಸುಮ್ನೆ ಕಥೆ ತಿಳಿಯಲಿಕ್ಕಲ್ಲ, ಇಂಥ ಜಾಗಗಳಲ್ಲಿ ಏನಾಗುತ್ತದೆ ಅಂತ ನೋಡಲಿಕ್ಕೆ.

‘ಕಾರಣ ಇಲ್ಲ’ ಅಂತ ಅವಳ ಬಾಯಲ್ಲೇ ಕೇಳಿದ ಮೇಲೆ ಅವಳ ಸಾವಿಗೆ ಕಾರಣ ಹುಡುಕುವುದು ಹೇಗೆ? ಕೊನೆಯ ದೃಶ್ಯದಲ್ಲಿ ಯಾರು ಯಾವಾಗ ಬರುತ್ತಾರೆ, ಯಾವಾಗ ಬಾಯಿ ಬಿಡುತ್ತಾರೆ ಅಂತ ಸಾಲು ಹಿಡಿದು ನೋಡಿ. ಸೆರೆ ಸಿಕ್ಕ ತಂದೆ-ಮಗಳನ್ನು ಒಳಗೆ ಕಳಿಸಿದ ತಕ್ಷಣ ಎಡ್ಮಂಡ್ ಒಬ್ಬ ಕ್ಯಾಪ್ಟನ್ ಕೈಗೆ ಅವರನ್ನು ಕೊಲ್ಲುವ ಅಪ್ಪಣೆಯ ಚೀಟಿ ಕೊಡುತ್ತಾನೆ. ಆ ಕ್ಯಾಪ್ಟನ್‌ಗೆ ಹೆಸರೂ ಇಲ್ಲ. ಗಾಡಿ ಎಳೆಯಲು ನನಗಾಗದು, ಒಣ ಓಟ್ಸ್ ತಿನ್ನಲೂ ಆಗದು, ಮನುಷ್ಯರು ಮಾಡುವ ಕೆಲಸವಾದರೆ ಮಾಡುತ್ತೇನೆ ಅಂತ ಹೇಳಿ ಹೋಗುತ್ತಾನೆ. ಹೊಟ್ಟೆಪಾಡಿನ ಮಾತು. ಪ್ರೇಕ್ಷಕರಾದ ನಮಗೆ ಎಲ್ಲವೂ ಗೊತ್ತಾಯಿತು. ವೇದಿಕೆಯ ಮೇಲಿರುವ ಒಳ್ಳೆಯವರಿಗೆ ಗೊತ್ತಿಲ್ಲ.

ಆಮೇಲೆ ಏನೇನು ಬರುತ್ತದೆ? ಇಬ್ಬರು ಅಕ್ಕಂದಿರು ಎಡ್ಮಂಡ್‌ಗಾಗಿ ಕಿತ್ತಾಡುತ್ತಾರೆ. ಒಬ್ಬಳಿಗೆ ವಿಷ ಏರುತ್ತದೆ. ತುತ್ತೂರಿ ಊದುತ್ತಾರೆ. ಮುಖ ಮುಚ್ಚಿಕೊಂಡು ಎಡ್ಗರ್ ಬರುತ್ತಾನೆ, ಮಲತಮ್ಮ ಎಡ್ಮಂಡ್ ಜೊತೆ ಕತ್ತಿ ಕಾಳಗ. ಎಡ್ಮಂಡ್ ಬೀಳುತ್ತಾನೆ. ಎಡ್ಗರ್ ಕೂತು ತನ್ನ ತಂದೆ ಗ್ಲಾಸ್ಟರ್ ಸತ್ತ ಕಥೆ ಹೇಳುತ್ತಾನೆ. ಎಡ್ಮಂಡ್ ಕರಗಿ, ಇದರಿಂದ ಏನಾದರೂ ಒಳ್ಳೆಯದಾದೀತು, ನೀನು ಮುಂದುವರಿಸು ಅನ್ನುತ್ತಾನೆ! ಚೀಟಿ ವಿಷಯ ಬಾಯಿ ಬಿಡುವುದಿಲ್ಲ. ರಕ್ತ ಹತ್ತಿದ ಚಾಕು ಹಿಡಿದು ಒಬ್ಬ ಓಡಿಬರುತ್ತಾನೆ. ಕೊನೆಗೆ ಕೆಂಟ್ ಬಂದು ನನ್ನ ದೊರೆ ಎಲ್ಲಿ, ವಂದಿಸಿ ಹೋಗುತ್ತೇನೆ ಅಂತ ಕೇಳಿದಾಗ ಆಲ್ಬನಿಗೆ ಎದೆ ಧಸಕ್ ಅನ್ನುತ್ತದೆ. ‘ಅಯ್ಯೋ, ಎಂಥ ದೊಡ್ಡದನ್ನು ಮರೆತೆವು!’ ಆಗಲೂ ತಡವಿದೆ. ಅಕ್ಕಂದಿರ ಹೆಣಗಳನ್ನು ತಂದು ಇಳಿಸುತ್ತಾರೆ. ಅದನ್ನು ನೋಡಿ ಎಡ್ಮಂಡ್ ‘ನನ್ನನ್ನೂ ಪ್ರೀತಿಸಿದವರಿದ್ದರು’ ಅಂತ ಒಂದು ಗಳಿಗೆ ಕಳೆಯುತ್ತಾನೆ. ಆಮೇಲೆ ಬಾಯಿ ಬಿಡುತ್ತಾನೆ: ಬೇಗ ಕಳಿಸಿ, ಅವರನ್ನು ಕೊಲ್ಲಲು ಹೇಳಿದ್ದೇನೆ.

ಮರೆತವನು ಆಲ್ಬನಿ ಒಬ್ಬನೇ ಅಲ್ಲ. ಕತ್ತಿ ಕಾಳಗ ನೋಡುವಾಗ ನೀವೂ ಮರೆತಿದ್ದಿರಿ. ನಾನೂ ಮರೆತಿದ್ದೆ. ನಮಗೆ ಚೀಟಿ ಗೊತ್ತಿತ್ತು, ಆದರೂ. ಪಾಪಿಗೆ ಶಿಕ್ಷೆಯಾಗುವುದನ್ನು ಚಪ್ಪರಿಸುತ್ತ ಕೂತಿದ್ದೆವು. ಆ ಹೊತ್ತಿನಲ್ಲೇ ಒಳಗೆ ಹಗ್ಗ ಬಿಗಿಯುತ್ತಿತ್ತು. ಕಾರ್ಡೀಲಿಯಾ ಸಾಯುವುದು ಹೀಗೆ, ಒಂದು ಚೀಟಿಯಿಂದ ಮತ್ತು ಒಂದು ಮರೆವಿನಿಂದ. ನ್ಯಾಯ ಸಿಗುತ್ತಿದೆ ಅಂತ ಎಲ್ಲರೂ ಖುಷಿಯಲ್ಲಿದ್ದ ಐದು ಹತ್ತು ನಿಮಿಷದಲ್ಲಿ. ಇದರಲ್ಲಿ ಅವಳ ಸ್ವಭಾವಕ್ಕೆ ಏನು ಕೆಲಸ?

‘ದೇವರು ಅವಳನ್ನು ಕಾಪಾಡಲಿ’ ಅನ್ನುತ್ತಾನೆ ಆಲ್ಬನಿ. ಮುಂದಿನ ಸಾಲೇ ಪ್ರವೇಶ: ಕಾರ್ಡೀಲಿಯಾಳನ್ನು ತೋಳಿನಲ್ಲಿ ಎತ್ತಿಕೊಂಡು ಲಿಯರ್. ಅವನು ಕೂಗುವ ‘ಹೌಲ್’ ಇಂಗ್ಲಿಷಿನಲ್ಲಿ ಚೀತ್ಕಾರವೂ ಹೌದು, ‘ಊಳಿಡಿ’ ಅಂತ ಸುತ್ತ ನಿಂತವರಿಗೆ ಕೊಟ್ಟ ಅಪ್ಪಣೆಯೂ ಹೌದು. ಕನ್ನಡದಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕು. ಇಲ್ಲಿ ಮಾತ್ರ ನಮಗೆ ನಷ್ಟ.

ಆಮೇಲೆ ಅವನು ಕನ್ನಡಿ ಕೇಳುತ್ತಾನೆ, ಉಸಿರಿನ ಮಂಜು ಕೂತೀತೇ ಅಂತ. ಗರಿಯನ್ನು ತುಟಿಗೆ ಹಿಡಿಯುತ್ತಾನೆ. ಗರಿ ಅಲ್ಲಾಡಿತು, ಬದುಕಿದ್ದಾಳೆ! ಆಮೇಲೆ ಕಿವಿ ಇಟ್ಟು, ಏನಂದೆ? ಅನ್ನುತ್ತಾನೆ. ಸುತ್ತ ಇದ್ದವರಿಗೆ ವಿವರಿಸುತ್ತಾನೆ, ಅವಳ ದನಿ ಯಾವಾಗಲೂ ಮೆತ್ತಗೆ, ತಗ್ಗಿದ ದನಿ. ಮೊದಲ ದೃಶ್ಯದಲ್ಲಿ ಇದೇ ಅಪ್ಪ ಇದೇ ದನಿಯನ್ನು ‘ಮತ್ತೆ ಹೇಳು’ ಅಂತ ಗದರಿದ್ದ. ಆಗ ಕೇಳಿದರೂ ಕೇಳಿಸಿಕೊಳ್ಳಲಿಲ್ಲ. ಈಗ ಏನೂ ಇಲ್ಲದ ಕಡೆ ಕಿವಿ ಇಟ್ಟಿದ್ದಾನೆ.

ನೀವು ಕೇಳಿದ ನ್ಯಾಯಕ್ಕೆ ನಾಟಕದೊಳಗೇ ಒಬ್ಬ ವಕೀಲನಿದ್ದಾನೆ, ಅದೇ ಆಲ್ಬನಿ. ಕೊನೆಗೆ ಅವನು ಎದ್ದು ನಿಂತು, ಗೆಳೆಯರಿಗೆಲ್ಲ ಅವರ ಒಳ್ಳೆಯತನದ ಕೂಲಿ, ಶತ್ರುಗಳಿಗೆಲ್ಲ ಅವರವರಿಗೆ ತಕ್ಕ ಬಟ್ಟಲು ಅಂತ ಘೋಷಿಸುತ್ತಾನೆ. ಟೇಟ್ ಬರೆದಿದ್ದರೆ ಇಲ್ಲಿಗೆ ಪರದೆ. ಶೇಕ್ಸ್‌ಪಿಯರ್‌ನಲ್ಲಿ ಆ ಸಾಲು ಮುಗಿಯುವ ಮೊದಲೇ ಆಲ್ಬನಿಯ ಬಾಯಿಂದ ‘ಅಯ್ಯೋ, ನೋಡಿ, ನೋಡಿ’ ಬರುತ್ತದೆ, ಲಿಯರ್ ಮಾತು ಶುರುವಾಗುತ್ತದೆ: ನಾಯಿಗೆ, ಕುದುರೆಗೆ, ಇಲಿಗೆ ಜೀವ ಇರಬಹುದು, ನಿನಗೆ ಉಸಿರೇ ಇಲ್ಲವೇ? ಲೆಕ್ಕ ಒಪ್ಪಿಸಲು ಎದ್ದವನ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಕವಿ ಇಂಥ ಜಾಗದಲ್ಲಿ ಇಂಥ ಭಾಷಣವನ್ನು ತುಂಡು ಮಾಡಿ ಇಟ್ಟಿರುವಾಗ, ನಾವು ಅದನ್ನು ಜೋಡಿಸಿ ಪೂರ್ತಿ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಂತ ಇನ್ನೊಂದು ತುದಿಗೆ ಓಡಬೇಡಿ. ತುಂಟ ಹುಡುಗರಿಗೆ ನೊಣ ಹೇಗೋ ದೇವರಿಗೆ ನಾವು ಹಾಗೆ, ಆಟಕ್ಕೆ ಕೊಲ್ಲುತ್ತಾರೆ ಅನ್ನುವ ಸಾಲನ್ನು ಎಲ್ಲರೂ ಉತ್ತರಪತ್ರಿಕೆಯಲ್ಲಿ ಹಾಕುತ್ತಾರೆ, ನಾಟಕದ ಸಂದೇಶ ಅಂತ. ಅದು ಕಣ್ಣು ಕಿತ್ತಿಸಿಕೊಂಡು ಬೀದಿಗೆ ಬಿದ್ದ ಗ್ಲಾಸ್ಟರ್‌ನ ಮಾತು. ಅವನೇ ಆಮೇಲೆ ಅದೇ ದೇವರಿಗೆ ಕೈ ಮುಗಿಯುತ್ತಾನೆ. ಅವನ ಮಗ ಎಡ್ಗರ್ ಕೊನೆಯಲ್ಲಿ ದೇವರು ನ್ಯಾಯವಂತರು ಅನ್ನುತ್ತಾನೆ. ಅಪ್ಪನ ಮಾತೂ ಕವಿಯದಲ್ಲ, ಮಗನ ಮಾತೂ ಕವಿಯದಲ್ಲ. ಒಬ್ಬೊಬ್ಬರೂ ತಮ್ಮ ಗಾಯ ಹಿಡಿದುಕೊಂಡು ಒಂದೊಂದು ವಿವರಣೆ ಕೊಡುತ್ತಿದ್ದಾರೆ. ವಿವರಣೆ ಕೊಡದೆ ಕೆಲಸ ಮಾಡುವವರೂ ನಾಟಕದಲ್ಲಿದ್ದಾರೆ. ಗ್ಲಾಸ್ಟರ್‌ನ ಕಣ್ಣು ಕೀಳುವಾಗ ಒಬ್ಬ ಆಳು ತನ್ನ ಯಜಮಾನನ ಎದುರೇ ಕತ್ತಿ ಹಿರಿದು ಪ್ರಾಣ ಕೊಡುತ್ತಾನೆ. ಉಳಿದ ಇಬ್ಬರು ಆಳುಗಳು ಮುದುಕನ ಮುಖಕ್ಕೆ ಹಚ್ಚಲು ನಾರು, ಮೊಟ್ಟೆಯ ಬಿಳಿ ತರಲು ಹೊರಡುತ್ತಾರೆ.

ಈ ಇಬ್ಬರು ಆಳುಗಳಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರಬಹುದು, ಯಾಕೆಂದರೆ ನಿಮ್ಮ ಪುಸ್ತಕದಲ್ಲಿ ಅವರ ಮಾತು ಇಲ್ಲದಿರಬಹುದು. ‘ಲಿಯರ್’ ಎರಡು ರೂಪದಲ್ಲಿ ಉಳಿದಿದೆ. 1608ರ ಕ್ವಾರ್ಟೊ ಸಣ್ಣ ಬಿಡಿ ಪುಸ್ತಕ. ಅದರ ಮುಖಪುಟದಲ್ಲಿ ಇದನ್ನು ದುರಂತ ಅಂತಲೂ ಕರೆದಿಲ್ಲ, ‘ಚರಿತ್ರೆ’ ಅಂತ ಇದೆ. 1623ರ ಫೋಲಿಯೊ, ಕವಿ ಸತ್ತು ಏಳು ವರ್ಷದ ಮೇಲೆ ಅವನ 36 ನಾಟಕ ಸೇರಿಸಿ ತಂದ ದೊಡ್ಡ ಸಂಪುಟ. ಕ್ವಾರ್ಟೊದ ಸುಮಾರು 300 ಸಾಲು ಫೋಲಿಯೊದಲ್ಲಿಲ್ಲ, ಫೋಲಿಯೊದ ಸುಮಾರು 100 ಸಾಲು ಕ್ವಾರ್ಟೊದಲ್ಲಿಲ್ಲ. ಮೊಟ್ಟೆಯ ಬಿಳಿ ಕ್ವಾರ್ಟೊದಲ್ಲಿ ಮಾತ್ರ. ಓಟ್ಸ್ ತಿನ್ನಲಾರದ ಕ್ಯಾಪ್ಟನ್ ಮಾತೂ ಅಲ್ಲಿ ಮಾತ್ರ. ಕೊನೆಯ ಮಾತು ಕ್ವಾರ್ಟೊದಲ್ಲಿ ಆಲ್ಬನಿಗೆ, ಫೋಲಿಯೊದಲ್ಲಿ ಎಡ್ಗರ್‌ಗೆ. ಎರಡೂ ಸರಿ. ಬಹಳ ಕಾಲ ಸಂಪಾದಕರು ಎರಡನ್ನೂ ಬೆರೆಸಿ ಒಂದು ಪಠ್ಯ ಮಾಡುತ್ತಿದ್ದರು. ಈಗ ಅನೇಕರು ಬೇರೆ ಬೇರೆಯಾಗಿಯೇ ಅಚ್ಚು ಹಾಕುತ್ತಾರೆ. ಯಾವ ಆವೃತ್ತಿ ಅಂತ ಉತ್ತರದಲ್ಲಿ ಒಂದು ಮಾತು ಬರೆದುಬಿಡಿ, ಸಾಕು.

ನಿಮ್ಮ ಮೊದಲ ಪ್ರಶ್ನೆಗೆ ಬೇಕಾದ ವ್ಯತ್ಯಾಸ ಲಿಯರ್‌ನ ಕೊನೆಯುಸಿರಿನಲ್ಲಿದೆ. ಕ್ವಾರ್ಟೊದಲ್ಲಿ ‘ನೆವರ್’ ಮೂರು ಸಲ, ಆಮೇಲೆ ನರಳಿಕೆ, ‘ಒಡೆದುಹೋಗು ಎದೆಯೇ’ ಅಂತ ಅವನೇ ಹೇಳಿ ಸಾಯುತ್ತಾನೆ. ಫೋಲಿಯೊದಲ್ಲಿ ‘ನೆವರ್’ ಐದು ಸಲ, ಇಡೀ ಸಾಲು ತುಂಬ ಅದೊಂದೇ. ಆಮೇಲೆ ಹೊಸ ಮಾತು: ಇದು ಕಾಣುತ್ತಿದೆಯಾ? ಅವಳನ್ನು ನೋಡಿ, ಅವಳ ತುಟಿ ನೋಡಿ, ಅಲ್ಲಿ ನೋಡಿ, ಅಲ್ಲಿ. 1904ರಲ್ಲಿ ವಿಮರ್ಶಕ ಎ.ಸಿ. ಬ್ರಾಡ್ಲಿ, ಅವಳು ಬದುಕಿದಳು ಅಂದುಕೊಂಡು ತಡೆಯಲಾರದ ಸಂತೋಷದಲ್ಲಿ ಲಿಯರ್ ಸಾಯುತ್ತಾನೆ ಅಂತ ಇದನ್ನು ಓದಿದರು. ಇರಬಹುದು. ಅವನಿಗೆ ಏನು ಕಂಡಿತು ಅಂತ ನಾಟಕ ಹೇಳುವುದಿಲ್ಲ. ಆದರೆ ಅವನು ಸಂತೋಷದಲ್ಲಿ ಸತ್ತಿದ್ದರೂ ಅವಳು ಸತ್ತಿದ್ದಾಳೆ. ನಾವು ಆ ತುಟಿ ನೋಡುತ್ತಲೇ ಇದ್ದೇವೆ, ಅದು ಅಲುಗುವುದಿಲ್ಲ. ನಟಿ ಉಸಿರು ಬಿಗಿಹಿಡಿದು ಮಲಗಿರುತ್ತಾಳೆ ಪಾಪ, ಗರಿ ಅಲ್ಲಾಡಿದರೂ ಅಲ್ಲಾಡೀತು!

ಪರೀಕ್ಷೆಗೆ ‘ದೋಷ’ ಕೇಳಿದರೆ ಲಿಯರ್ ಬಗ್ಗೆ ಬರೆಯಿರಿ, ಹಮಾರ್ಶಿಯದ ಮೂಲ ಅರ್ಥವನ್ನೂ ಬರೆಯಿರಿ, ಕಾರ್ಡೀಲಿಯಾಳ ಸಾವು ಆ ಸೂತ್ರಕ್ಕೆ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳಿ, ಆಲ್ಬನಿಯ ತುಂಡಾದ ಭಾಷಣವನ್ನು ಆಧಾರ ಕೊಡಿ. ಅಂಕ ಕಡಿಮೆಯಾಗುವುದಿಲ್ಲ.

ಇನ್ನೊಂದು ಸಲ ಓದುವಾಗ ಐದು ‘ನೆವರ್’ ಆದ ಮೇಲಿನ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಲಿಯರ್ ಪಕ್ಕದಲ್ಲಿದ್ದವನಿಗೆ ಹೇಳುತ್ತಾನೆ: ದಯವಿಟ್ಟು ಈ ಗುಂಡಿ ಬಿಚ್ಚಿ. ಅವನ ಅಂಗಿಯದೋ ಮಗಳದೋ, ಗೊತ್ತಿಲ್ಲ. ಬಿರುಗಾಳಿಯಲ್ಲಿ ಹುಚ್ಚು ಹಿಡಿದಾಗಲೂ ಅವನು ಬಟ್ಟೆ ಕಿತ್ತೆಸೆಯಲು ಗುಂಡಿ ಬಿಚ್ಚಿರೋ ಅಂತ ಕೂಗಿದ್ದ. ಈಗ ಕೇಳಿಕೊಳ್ಳುತ್ತಾನೆ. ಯಾರೋ ಬಿಚ್ಚುತ್ತಾರೆ. ಮೊದಲ ದೃಶ್ಯದಲ್ಲಿ ನಕ್ಷೆ ತನ್ನಿ, ಅವರನ್ನು ಕರೆಯಿರಿ, ಇವಳನ್ನು ಅಟ್ಟಿ ಅಂತ ಆಜ್ಞೆ ಮೇಲೆ ಆಜ್ಞೆ ಕೊಟ್ಟಿದ್ದ ರಾಜ, ಮಡಿಲಲ್ಲಿ ಹೆಣ ಇಟ್ಟುಕೊಂಡು, ಆ ಯಾರಿಗೋ ‘ಉಪಕಾರವಾಯಿತು ಸ್ವಾಮಿ’ ಅನ್ನುತ್ತಾನೆ.